ಉದ್ಯೋಗ ಮತ್ತು ವಿರಾಮ



‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ವಿರಾಮವು ಯಾರ ಲಕ್ಷಣವೆಂಬುದನ್ನು ಮಾತ್ರ ಯಾರೂ ಹೇಳಿದಂತಿಲ್ಲ. ಅದರಿಂದಲೋ ಏನೋ, ದುಡಿಮೆಯನ್ನು ಕಲಿಸುವುದಕ್ಕೆ ಶಾಲೆ ಕಾಲೇಜುಗಳನ್ನು ಕಟ್ಟಿದ ನಾವು, ದುಡಿದು ಮನೆಗೆ ಬಂದ ಮೇಲೆ ಬಾಳುವುದು ಹೇಗೆಂಬುದನ್ನು ಅವರವರ ಅದೃಷ್ಟಕ್ಕೆ ಬಿಟ್ಟಿದ್ದೇವೆ.

ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಈ ವಿಷಯಕ್ಕೆ ಒಪ್ಪುವ ನಿದರ್ಶನವೊಂದುಂಟು. ಚಾರ್ಲ್ಸ್ ಲ್ಯಾಂಬನು 1792ರಲ್ಲಿ, ಹದಿನೇಳು ವರ್ಷದ ಹುಡುಗನಾಗಿದ್ದಾಗಲೇ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಛೇರಿಯಲ್ಲಿ ಲೆಕ್ಕದ ಗುಮಾಸ್ತನಾದನು. ಕಂಪೆನಿಯ ವ್ಯಾಪಾರದ ಲೆಕ್ಕಗಳನ್ನು ಮೂವತ್ತಮೂರು ವರ್ಷಗಳ ಕಾಲ ಬರೆದನು. ಮನೆಯಲ್ಲಿ, ಆಗಾಗ ಚಿತ್ತಭ್ರಮೆಗೆ ಒಳಗಾಗುತ್ತಿದ್ದ ಅಕ್ಕ ಮೇರಿಯ ಪೋಷಣೆಯ ಭಾರವೂ ಅವನದೇ ಆಗಿತ್ತು. ಇಷ್ಟಿದ್ದರೂ ಅವನ ಸಂಜೆಗಳು ಬರಡಾಗಲಿಲ್ಲ. ವಾರಕ್ಕೊಂದು ಸಂಜೆ ಮಿತ್ರರು ಅವನ ಮನೆಯಲ್ಲಿ ಸೇರುತ್ತಿದ್ದರು. ಅಕ್ಕತಮ್ಮಂದಿರು ಕೂಡಿ ಬರೆದ ಷೇಕ್ಸ್‌ಪಿಯರನ ಕಥೆಗಳು 1807ರಲ್ಲಿ ಹೊರಬಂದವು. ‘ಈಲಿಯ’ ಎಂಬ ಹೆಸರಿನ ಪ್ರಬಂಧಗಳು 1823ರಲ್ಲಿ ಪುಸ್ತಕವಾದವು.

1825ರಲ್ಲಿ ಲ್ಯಾಂಬನಿಗೆ ನಿವೃತ್ತಿಯಾಯಿತು. ಅದೇ ವರುಷ ಬರೆದ ಪ್ರಬಂಧವೊಂದರಲ್ಲಿ, ಬಿಡುಗಡೆ ಹೊಂದಿದ ಗುಮಾಸ್ತನೊಬ್ಬನನ್ನು ಅವನು ಚಿತ್ರಿಸಿದ್ದಾನೆ. ಕಾಲವೆಲ್ಲವೂ ತನ್ನದಾದ ಮೊದಲ ದಿನಗಳಲ್ಲಿ ಆತನಿಗೆ ದಿಗ್ಭ್ರಮೆಯೇ ಹೊರತು ಸುಖವಿಲ್ಲ. ಹಳೆಯ ಕಛೇರಿಗೆ ಹೋಗಿ ನೋಡಿದರೆ, ತನ್ನ ಮೇಜು ಪರರ ಪಾಲಾಗಿದೆ; ಟೋಪಿ ತಗುಲಿಸುತ್ತಿದ್ದ ಗೂಟವೂ ಮತ್ತೊಬ್ಬನದಾಗಿದೆ. ಸಂಜೆಗಳನ್ನು ಅಷ್ಟು ರಸವತ್ತಾಗಿ ಕಳೆದ ಲೇಖಕನಿಗೇ ನಿವೃತ್ತಿಯು ಹೀಗೆ ಕಂಡಿತೆಂದಮೇಲೆ, ‘ಪೆನ್ಷನ್ ಬಂದಮೇಲೆ ನೋಡಿಕೊಳ್ಳೋಣ’ ಎಂದು ಓದನ್ನೂ ಸ್ನೇಹವನ್ನೂ ಮಕ್ಕಳ ಮಾತನ್ನೂ ಮುಂದಕ್ಕೆ ಹಾಕುವವರ ಪಾಡೇನು? ವಿರಾಮವನ್ನು ಅನುಭವಿಸುವುದೂ ಒಂದು ಅಭ್ಯಾಸ. ಅಭ್ಯಾಸ ತಪ್ಪಿದ ವೀಣೆಯನ್ನು ಅರವತ್ತನೆಯ ವಯಸ್ಸಿನಲ್ಲಿ ಕೈಗೆತ್ತಿಕೊಂಡರೆ ಬೆರಳು ಆಡುವುದಿಲ್ಲ.

ಕಾನೂನು ತನ್ನ ಕೆಲಸವನ್ನು ಒಂದಿಷ್ಟು ಮಾಡಿದೆ. 1919ರಲ್ಲಿ ವಾಷಿಂಗ್‌ಟನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮೇರೆಯನ್ನು ಕೈಗಾರಿಕೆಗಳಿಗೆ ಹಾಕಿತು. ನಮ್ಮ ದೇಶದ 1948ರ ಕಾರ್ಖಾನೆ ಶಾಸನವೂ ವಾರಕ್ಕೆ 48 ಗಂಟೆಗಳ ಮಿತಿಯನ್ನೇ ವಿಧಿಸಿತು. ಆದರೆ ಲ್ಯಾಂಬನ ಲೆಕ್ಕದ ಪುಸ್ತಕಗಳು ಕಛೇರಿಯ ಕಪಾಟಿನಲ್ಲಿಯೇ ಉಳಿಯುತ್ತಿದ್ದುವು. ಇಂದಿನವನ ಕಛೇರಿಯು ಅಂಗಿಯ ಜೇಬಿನಲ್ಲಿ ಕುಳಿತು ಊಟದ ಮಣೆಯವರೆಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದುದರ ಫಲವಾಗಿ ಪಾರ್ಶ್ವವಾಯು, ಹೃದ್ರೋಗಗಳಿಂದ 2016ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ 7,45,000 ಮಂದಿ ಮಡಿದರು. ಅತಿದುಡಿಮೆಯನ್ನು ಕರ್ತವ್ಯನಿಷ್ಠೆಯೆಂದು ಹೊಗಳುವ ಮೊದಲು ಈ ಸಂಖ್ಯೆಯನ್ನು ನೆನೆಯುವುದು ಒಳ್ಳೆಯದು.

ಇನ್ನೊಂದು ಮಾತು. ಯಜಮಾನನಿಗೆ ಭಾನುವಾರವುಂಟು, ನಿವೃತ್ತಿಯೂ ಉಂಟು. ಅವನ ಭಾನುವಾರದ ವಿಶೇಷ ಅಡಿಗೆಗಾಗಿ ಒಲೆಯ ಮುಂದೆ ನಿಂತಿರುವ ಗೃಹಿಣಿಗೆ ಎರಡೂ ಇಲ್ಲ. ಒಬ್ಬರ ವಿರಾಮವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ, ಆ ಮನೆಯಲ್ಲಿ ಸಮತೂಕವಿದೆಯೆಂದು ಹೇಳಲಾಗದು.

ಮಾಡಬೇಕಾದುದು ಬಹಳವಿಲ್ಲ. ದಿನಕ್ಕೊಂದು ಹೊತ್ತಿನ ಊಟವನ್ನಾದರೂ ಮನೆಮಂದಿಯೆಲ್ಲರೂ ಕೂಡಿ ಮಾಡಿ, ಕೂಡಿಯೇ ಪಾತ್ರೆ ಎತ್ತಿಡೋಣ. ಆ ಹೊತ್ತಿನಲ್ಲಿ ಕಛೇರಿಗೆ ಬಾಗಿಲು ಮುಚ್ಚಿರಲಿ. ಹಣ ತಾರದ ಹವ್ಯಾಸವೊಂದಕ್ಕೆ, ಅದು ಹೂವಿನ ಗಿಡವೇ ಆಗಲಿ ಗಮಕವೇ ಆಗಲಿ, ಅರ್ಧ ಗಂಟೆಯನ್ನು ಮೀಸಲಿಡೋಣ. ನಾವು ಬಿಟ್ಟುಬಂದ ಗೂಟಕ್ಕೆ ನಾಳೆ ಮತ್ತೊಬ್ಬರು ಟೋಪಿ ತಗುಲಿಸುವರು. ಮನೆಯಲ್ಲಿ ನಾವು ತೆರವುಮಾಡಿದ ಸ್ಥಳವನ್ನು ತುಂಬುವವರು ಯಾರೂ ಇಲ್ಲ.