ಹಿಂದಿನ ಬೆಂಚಿಗೆ ಬಂದ ಬೆಳಕು



ಕಂಪ್ಯೂಟರ್‌ನಲ್ಲಿ ಕೋಣೆಗಳ ಚಿತ್ರ ಮೂಡಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಒಮ್ಮೆ ನಮ್ಮ ಹತ್ತನೇ ತರಗತಿಯ ಕೋಣೆಯನ್ನೇ ರಚಿಸಿ, ಕಿಟಕಿಯಿಂದ ಬಿಸಿಲು ಬಿಟ್ಟೆ. ಬಿಸಿಲು ಬಿದ್ದ ನೆಲವಷ್ಟೇ ಕಂಡಿತು. ನಾನು ಕೂರುತ್ತಿದ್ದ ಹಿಂದಿನ ಬೆಂಚು ಕಗ್ಗತ್ತಲು. ನಿಜದಲ್ಲಿ ಹಾಗಿರಲಿಲ್ಲವಲ್ಲ! ನೆಲಕ್ಕೆ ಬಿದ್ದ ಬೆಳಕು ಗೋಡೆಗೆ, ಗೋಡೆಯಿಂದ ಪುಸ್ತಕಕ್ಕೆ ಪುಟಿದು ಬರುತ್ತಿತ್ತು. ಹೀಗೆ ಪುಟಿಯುವ ಬೆಳಕನ್ನು ಲೆಕ್ಕಹಾಕುವ ಒಂದು ವಿಧಾನವನ್ನು 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ಪುಟಿಯುವ ಬೆಳಕಿನ ಲೆಕ್ಕ ಸೇರಿಸಿದೆ, ಬೆಂಚು ಬೆಳಗಿತು. ಗೋಡೆಯ ಬಿಳುಪು ತಗ್ಗಿಸಿದೆ, ಮತ್ತೆ ಮಬ್ಬು.

ಪ್ರತಿ ಬೇಸಿಗೆಯಲ್ಲೂ ನಮ್ಮ ಮೇಷ್ಟ್ರು ಹಟ ಹಿಡಿದು ಸುಣ್ಣ ಹೊಡೆಸುತ್ತಿದ್ದುದು ಏಕೆಂದು ಅಂದು ತಿಳಿಯಿತು. ಈಗ ಆ ಗೋಡೆಗಳು ಮಾಸಿವೆ. ಈ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸುಣ್ಣ ಹೊಡೆಯೋಣ. ನಾನು ಬರುತ್ತೇನೆ.