ನೋವು ಹೋದ ಮೇಲೆ ಉಳಿಯುವ ನೋವು

ಗಸಗಸೆ ಪಾಯಸ ಕುಡಿದರೆ ಕಣ್ಣು ಎಳೆಯುತ್ತದೆ ಎಂಬುದು ನಮ್ಮ ಮನೆಗಳ ಹಳೆಯ ಮಾತು. ಆ ಬೀಜದಲ್ಲಿ ಮತ್ತಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ನೋವನ್ನು ಅದರಷ್ಟು ಚೆನ್ನಾಗಿ ತಣಿಸುವ ವಸ್ತು ಮನುಷ್ಯನಿಗೆ ಶತಮಾನಗಳ ಕಾಲ ಬೇರೆ ಸಿಕ್ಕಿರಲಿಲ್ಲ. ಅದನ್ನು ಹಿಡಿಯುವುದು ಸುಲಭ. ಬಿಡುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಇಲ್ಲಿ ಸೇರಿರುವವರಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಕವಿ ಕೋಲ್‌ರಿಜ್‌ನ ಪರಿಚಯವಿರುತ್ತದೆ. ಆತ ಅಫೀಮಿಗೆ ಬಿದ್ದದ್ದು ಮೋಜಿಗಲ್ಲ, ಕೀಲುನೋವು ಮತ್ತಿತರ ಕಾಯಿಲೆಗಳ ಕಾಟಕ್ಕೆ. ಮದ್ಯದಲ್ಲಿ ಅಫೀಮು ಕರಗಿಸಿದ ‘ಲಾಡನಂ’ ಎಂಬ ದ್ರಾವಣ ಆಗ ಯಾವ ಚೀಟಿಯೂ ಇಲ್ಲದೆ ಔಷಧದ ಅಂಗಡಿಗಳಲ್ಲಿ ಸಿಗುತ್ತಿತ್ತು. ಬಿಡಬೇಕೆಂದು ಆತ ಮತ್ತೆ ಮತ್ತೆ ಪ್ರಯತ್ನಪಟ್ಟ. ತಾನು ಔಷಧದ ಅಂಗಡಿಗೆ ಹೋಗದಂತೆ ತಡೆಯಲು ಕೂಲಿ ಕೊಟ್ಟು ಆಳುಗಳನ್ನು ಗೊತ್ತುಮಾಡಿಕೊಂಡಿದ್ದನೆಂದೂ, ತಡೆದಾಗ ಅವರ ಮೇಲೆಯೇ ಅಧಿಕಾರ ಚಲಾಯಿಸುತ್ತಿದ್ದನೆಂದೂ ಮತ್ತೊಬ್ಬ ಅಫೀಮುವ್ಯಸನಿ ಲೇಖಕ ಡಿ ಕ್ವಿನ್ಸಿ ಬರೆದಿದ್ದಾನೆ. ನಗು ತರಿಸುವ ಈ ಪ್ರಸಂಗದಲ್ಲಿ ವ್ಯಸನದ ತಿರುಳೇ ಅಡಗಿದೆ. ಬಿಡಬೇಕೆನ್ನುವವನೂ ಬೇಕೆನ್ನುವವನೂ ಒಬ್ಬನೇ.

ಇದನ್ನು ಮನೋದೌರ್ಬಲ್ಯವೆಂದು ಜಗತ್ತು ಬಹುಕಾಲ ಜರೆಯಿತು. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅಫೀಮಿನ ಸತ್ವ ಬಂದು ಕೂರುವ ತಾಣಗಳು ಮಿದುಳಿನಲ್ಲಿವೆ ಎಂದು ತೋರಿಸಿದರು. 1975ರಲ್ಲಿ ಸ್ಕಾಟ್‌ಲೆಂಡಿನ ಆಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಜ್, ದೇಹವೇ ತಯಾರಿಸಿಕೊಳ್ಳುವ ನೋವುಶಾಮಕಗಳನ್ನು ಪತ್ತೆಹಚ್ಚಿದರು. ಹೊರಗಿನಿಂದ ಔಷಧ ದಿನವೂ ಬರತೊಡಗಿದರೆ ದೇಹ ಅದಕ್ಕೆ ಎದುರಾಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅದೊಂದು ಹಗ್ಗಜಗ್ಗಾಟ. ಒಂದು ಕಡೆ ಮಂಪರು ತರುವ ಔಷಧ, ಇನ್ನೊಂದು ಕಡೆ ಎಚ್ಚರವನ್ನು ಕಾಯುವ ನರಕೋಶಗಳು. ಒಂದು ಕಡೆಯವರು ಹಗ್ಗವನ್ನು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಮುಗ್ಗರಿಸುತ್ತಾರಲ್ಲವೆ? ಔಷಧ ನಿಲ್ಲಿಸಿದಾಗ ಆಗುವುದೂ ಅದೇ.

ಕೊನೆಯ ಗುಳಿಗೆ ನುಂಗಿದ ಹಲವು ಗಂಟೆಗಳಲ್ಲೇ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಬೆವರು ಶುರುವಾಗುತ್ತವೆ. ಮೈ ನವಿರೇಳುತ್ತದೆ, ಕಾಲುಗಳು ತಾವಾಗಿ ಒದ್ದಾಡುತ್ತವೆ. ವಾಂತಿ, ಭೇದಿ, ಮೈಕೈ ನೋವು, ನಿದ್ದೆಯಿಲ್ಲದ ರಾತ್ರಿ. ಸಾಮಾನ್ಯ ಗುಳಿಗೆಗಳಾದರೆ ಎರಡು ಮೂರನೆಯ ದಿನ ಈ ಸಂಕಟ ಶಿಖರ ಮುಟ್ಟಿ, ವಾರದ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. ನಿದ್ದೆಗೇಡು, ಬೇಸರ, ಔಷಧದ ಹಂಬಲ ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು.

ಇದಕ್ಕೆ ಸುಲಭದ ದಾರಿ ಹುಡುಕಿದವರು ಹಲವೊಮ್ಮೆ ಬಾಣಲೆಯಿಂದ ಬೆಂಕಿಗೆ ಬಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. ಸೂಜಿಯಿಂದ ಕೊಟ್ಟರೆ ಮಾರ್ಫಿನ್ ಚಟವಾಗದು ಎಂದು ಕೆಲವು ವೈದ್ಯರು ನಂಬಿದ್ದರು. 1898ರಲ್ಲಿ ಬಾಯರ್ ಕಂಪನಿ ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ತಂದ ಹೆರಾಯಿನ್, ಮಾರ್ಫಿನ್ನಿಗಿಂತ ನಿರಪಾಯಕಾರಿ ಎನಿಸಿಕೊಂಡಿತ್ತು. ಅಮೆರಿಕದಲ್ಲಿ 1996ರಲ್ಲಿ ಬಂದ ಆಕ್ಸಿಕಾಂಟಿನ್ ಕೂಡ ಚಟದ ಭಯ ಕಡಿಮೆ ಎಂಬ ಮಾತಿನೊಡನೆಯೇ ಮಾರಾಟವಾಯಿತು. 2007ರಲ್ಲಿ ಅದರ ತಯಾರಕ ಕಂಪನಿ ಜನರನ್ನು ತಪ್ಪುದಾರಿಗೆಳೆದದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು.

ಆಮೇಲೆ ಬೇರೊಂದು ಅತಿರೇಕ. ಭಯಗೊಂಡ ವೈದ್ಯರು ಗುಳಿಗೆಯನ್ನು ಏಕಾಏಕಿ ನಿಲ್ಲಿಸತೊಡಗಿದರು. ಹಾಗೆ ನಿಲ್ಲಿಸಿದರೆ ತೀವ್ರ ಯಾತನೆ, ಆತ್ಮಹತ್ಯೆಯಂಥ ಅನಾಹುತಗಳಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಬೇಕಾಯಿತು. ವರ್ಷಕ್ಕೂ ಮೇಲ್ಪಟ್ಟು ಸೇವಿಸಿದವರಿಗೆ ತಿಂಗಳಿಗೆ ನೂರಕ್ಕೆ 10ರಷ್ಟು ಅಥವಾ ಇನ್ನೂ ನಿಧಾನವಾಗಿ ಇಳಿಸುವುದು ತಾಳಿಕೊಳ್ಳಲು ಸುಲಭವೆಂದು 2022ರ ಅಲ್ಲಿನ ಮಾರ್ಗಸೂಚಿ ಹೇಳುತ್ತದೆ. ಸಂಕಟ ತಗ್ಗಿಸಲು ಕ್ಲೋನಿಡಿನ್ ಇದೆ. ಚಟವಾಗಿ ಬೇರೂರಿದ್ದರೆ ಬ್ಯುಪ್ರೆನಾರ್ಫಿನ್, ಮೆಥಡೋನ್‌ಗಳಿವೆ. ಇವನ್ನು ‘ಒಂದು ಚಟದ ಬದಲು ಇನ್ನೊಂದು’ ಎಂದು ಹಳಿಯುವವರುಂಟು. ಆದರೆ ವೈದ್ಯರ ಕೈಯಲ್ಲಿರುವ ಈ ಮದ್ದುಗಳು ಸಾವನ್ನು ತಗ್ಗಿಸುತ್ತವೆ ಎಂಬುದು ಸಾಬೀತಾಗಿದೆ.

ನಮ್ಮ ದೇಶದಲ್ಲೂ ಇದು ದೂರದ ಕಥೆಯಲ್ಲ. ಶಸ್ತ್ರಚಿಕಿತ್ಸೆಯ ನಂತರ, ಬೆನ್ನುನೋವಿಗೆ ಬರೆದುಕೊಡುವ ಟ್ರಮಡಾಲ್ ಕೂಡ ಇದೇ ಕುಲದ್ದು. 2018ರಲ್ಲಿ ಅದನ್ನು ಮಾದಕದ್ರವ್ಯ ಕಾಯಿದೆಯ ಕೆಳಗೆ ತರಲಾಯಿತು. ಹಾಗೆಂದು ಕ್ಯಾನ್ಸರ್ ರೋಗಿಯ ಕೈಯಿಂದ ಮಾರ್ಫಿನ್ ಕಿತ್ತುಕೊಳ್ಳುವುದು ಕ್ರೌರ್ಯ. ಔಷಧ ಬೇಕಾದವರಿಗೆ ಸಿಗಬೇಕು, ಬೇಡವಾದಾಗ ಬಿಡಲು ದಾರಿಯೂ ಇರಬೇಕು.

ಮನೆಯವರು ಮರೆಯಬಾರದ ಅಪಾಯವೊಂದಿದೆ. ಕೆಲವು ದಿನ ಬಿಟ್ಟಾಗ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಸೋತು ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಎಷ್ಟೋ ಸಾವುಗಳಾಗುವುದು ಹೀಗೆ, ಬಿಟ್ಟು ಬಂದ ಮೇಲೆ. ಆದ್ದರಿಂದ ಜಾರಿದವನನ್ನು ಬೈದು ಬಾಗಿಲು ಹಾಕಿ ಒಂಟಿಯಾಗಿಸುವುದು ಅವನನ್ನು ಆ ಗಂಡಾಂತರಕ್ಕೆ ನೂಕಿದಂತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅಲ್ಲಿಗೆ ಹೋಗಲು ನಾಚಬೇಕಿಲ್ಲ.

‘ಚಟ ಚಟ್ಟದವರೆಗೆ’ ಎನ್ನುತ್ತದೆ ಗಾದೆ. ಅದು ಪೂರ್ತಿ ನಿಜವಲ್ಲ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕನ್ ಸೈನಿಕರನ್ನು ಲೀ ರಾಬಿನ್ಸ್ ಅಧ್ಯಯನ ಮಾಡಿದರು. ಅಲ್ಲಿ ಹೆರಾಯಿನ್‌ನಂಥ ವಸ್ತುಗಳಿಗೆ ದಾಸರಾಗಿದ್ದವರಲ್ಲಿ ಹೆಚ್ಚಿನವರು ಊರಿಗೆ ಬಂದ ಮೇಲೆ ಮತ್ತೆ ದಾಸರಾಗಲಿಲ್ಲ. ಯುದ್ಧಭೂಮಿ ಹಿಂದೆ ಉಳಿದಿತ್ತು, ಮನೆ ಎದುರಿಗಿತ್ತು.

ಕೋಲ್‌ರಿಜ್‌ನಿಗೂ ಕೊನೆಗೆ ಒಂದು ಮನೆ ಸಿಕ್ಕಿತು. 1816ರ ಏಪ್ರಿಲ್‌ನಲ್ಲಿ ಆತ ಲಂಡನ್ನಿನ ಹೈಗೇಟ್‌ನಲ್ಲಿದ್ದ ಡಾಕ್ಟರ್ ಜೇಮ್ಸ್ ಗಿಲ್‌ಮನ್ ಅವರ ಮನೆಗೆ ಬಂದ. ಪ್ರಮಾಣದ ಮೇಲೆ ಹಿಡಿತ ಡಾಕ್ಟರರದು. ಕವಿ ಕದ್ದುಮುಚ್ಚಿ ಅಂಗಡಿಯಿಂದ ತರಿಸಿಕೊಂಡದ್ದೂ ಉಂಟು, ಪೂರ್ತಿ ಬಿಡಲಾಗಲೇ ಇಲ್ಲ. ಆದರೂ ಗಿಲ್‌ಮನ್ ದಂಪತಿ ಆತನನ್ನು ಹೊರಗೆ ಹಾಕಲಿಲ್ಲ. 1834ರಲ್ಲಿ ಸಾಯುವವರೆಗೆ, ಹದಿನೆಂಟು ವರ್ಷ, ಆತ ಅಲ್ಲೇ ಬದುಕಿದ, ಬರೆದ, ಬಂದವರೊಡನೆ ಮಾತಾಡಿದ. ಅಂದು ಔಷಧವಿಜ್ಞಾನದ ಬಳಿ ಕೊಡಲು ಹೆಚ್ಚೇನೂ ಇರಲಿಲ್ಲ. ಇಂದು ಇದೆ. ಗಿಲ್‌ಮನ್ ಮನೆಯಲ್ಲಿದ್ದ ತಾಳ್ಮೆ ಮಾತ್ರ ಇಂದಿಗೂ ಮನೆಯವರೇ ಕೊಡಬೇಕಾದದ್ದು.