ಊರು ಬೆಳೆದರೆ ಕೆರೆ ಯಾರದು?

ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ ಧರ್ಮಪುರ ಆಂಧ್ರದ ಗಡಿಗೆ ಹತ್ತಿರದ ಊರು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲಿಂದ ದೂರವಿಲ್ಲ. ಮಳೆ ಕಡಿಮೆಯ ಈ ಸೀಮೆಯಲ್ಲಿ ಊರಿನ ಜೀವ ಕೆರೆ. ಹಿಂದೆ ಕನ್ನಡ ನಾಡಿನಲ್ಲಿ ಕೆರೆಯ ಏರಿ, ತೂಬುಗಳನ್ನು ಕಾಯುವವರಿಗೆ ಕಟ್ಟುಕೊಡಗೆ ಎಂಬ ಮಾನ್ಯದ ಭೂಮಿ ಸಿಗುತ್ತಿತ್ತು. ಹೊಣೆ ಯಾರದೆಂದು ಊರಿಗೇ ಗೊತ್ತಿತ್ತು.

ಇಂದು ಹೊಣೆಯನ್ನು ಹೇಳುವುದು ಕಾನೂನು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಪಂಚಾಯಿತಿಗಳಿಗೆ 29, ನಗರ ಸಂಸ್ಥೆಗಳಿಗೆ 18 ವಿಷಯಗಳನ್ನು ಗುರುತಿಸಿದವು. ಪಂಚಾಯಿತಿಯ ಪಟ್ಟಿಯಲ್ಲಿ ಕುಡಿಯುವ ನೀರಿನ ಜೊತೆಗೆ ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿಯೂ ಇವೆ. ನಗರದ ಪಟ್ಟಿಯಲ್ಲಿ ರಸ್ತೆ, ನೈರ್ಮಲ್ಯ, ಬೀದಿದೀಪ, ನೀರು ಸರಬರಾಜು ಇವೆ. ಸಣ್ಣ ನೀರಾವರಿಯ ಹೆಸರಿಲ್ಲ.

ಹಳ್ಳಿ ಪಟ್ಟಣವಾದಾಗ ನಲ್ಲಿ ಪಟ್ಟಿಯಲ್ಲಿ ಉಳಿಯುತ್ತದೆ, ಕೆರೆ ಜಾರಿಹೋಗುತ್ತದೆ. ಆದರೆ ಕೊಳವೆಬಾವಿಗೆ ನೀರೂಡುವುದು ಅದೇ ಕೆರೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದ್ದರೂ, ಧರ್ಮಪುರದ ಕೆರೆಗೆ ನೀರು ತರಬೇಕೆಂದು ಜನ ಬಹುಕಾಲ ಕೇಳಬೇಕಾಯಿತು. ಧರ್ಮಪುರದಂಥ ಊರು ನಾಳೆ ಪಟ್ಟಣವಾದರೆ, ಅದರ ಆಡಳಿತ ಮೊದಲು ಬರೆದುಕೊಳ್ಳಬೇಕಾದ ಕೆಲಸ ಕೆರೆಯ ರಕ್ಷಣೆ. ಏರಿ ಒಡೆದ ಊರಿನಲ್ಲಿ ನಲ್ಲಿ ಹಾಕಿ ಏನು ಫಲ?